ತಣ್ಣನೆಯ ಆಂಪ್ಲಿಫೈಯರಿನ ಕಥೆ



ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಲೇಖನಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಬಹುಕಾಲ ಜತನವಾಗಿ ಕಾಪಾಡಿಕೊಂಡಿದ್ದ ಒಂದು ಜೊತೆ ಪುಟ್ಟ ಸ್ಪೀಕರುಗಳನ್ನು ವಿಜಯಪುರಕ್ಕೆ ಹೊತ್ತು ತಂದು, "ಸರ್, ಅಮ್ಮಾವರು ಹಾಡು ಕೇಳಲಿಕ್ಕೆ ಇರಲಿ" ಎಂದು ನಮ್ಮ ಪುಸ್ತಕದ ಕಪಾಟಿನ ಮೇಲಿಟ್ಟು ಹೋದ. ನನ್ನ ಶ್ರೀಮತಿಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಆಗ ಎರಡು ವರ್ಷವಾಗಿತ್ತು. ಬೆಳಗಿನ ಐದರಿಂದ ರಾತ್ರಿ ಮಲಗುವವರೆಗೆ ಮೆಲುದನಿಯ ಸಂಗೀತವೊಂದೇ ಅವರ ಸಂಗಾತಿ.

ಸ್ಪೀಕರುಗಳಿಗೆ ಆಂಪ್ಲಿಫೈಯರ್ ಬೇಕಷ್ಟೆ. ಸಂಗೀತಪ್ರಿಯರಾದ ಸ್ನೇಹಿತರೊಬ್ಬರು ತಮ್ಮದನ್ನು ಎರವಲು ಕೊಟ್ಟರು. ನಾದ ಬಹಳ ಮಧುರವಾಗಿತ್ತು. ಆದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಆ ಕೋಣೆ, ಏಪ್ರಿಲ್ ತಿಂಗಳ ಬಿಸಿಲು, ಝಳ ಬಾರದಂತೆ ಮುಚ್ಚಿದ ಕಿಟಕಿ. ಎರಡು ಗಂಟೆಯೊಳಗೆ ಶ್ರೀಮತಿಯವರು ಕ್ಷೀಣ ದನಿಯಲ್ಲಿ, "ಏನ್ರೀ, ಹಾಡ ಹಚ್ಚೀರೋ, ಒಲಿ ಹಚ್ಚೀರೋ?" ಎಂದು ಕೇಳಿದರು. ಕೈಯಿಟ್ಟು ನೋಡಿದೆ. ಪೆಟ್ಟಿಗೆ ಮುಟ್ಟಲಾರದಷ್ಟು ಕಾದಿತ್ತು. ಮನೆಯ ಉಳಿದ ದೀಪ, ಫ್ಯಾನುಗಳನ್ನೆಲ್ಲ ಆರಿಸಿ ಮೀಟರು ನೋಡಿ ಲೆಕ್ಕ ಹಾಕಿದರೆ ಅದು ಸುಮಾರು 180 ವ್ಯಾಟ್ ವಿದ್ಯುತ್ತನ್ನು ಎಳೆಯುತ್ತಿತ್ತು. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊಮ್ಮುವ ಶಾಖ ಸುಮಾರು 100 ವ್ಯಾಟ್. ಅಂದರೆ ರೋಗಿಯ ಕೋಣೆಯಲ್ಲಿ ಹಗಲೆಲ್ಲ ಇನ್ನಿಬ್ಬರನ್ನು ಕೂರಿಸಿದಂತಾಗಿತ್ತು! ಹಾಡು ಬೇಕು, ಬಿಸಿ ಬೇಡ. ಇದಕ್ಕೆ ದಾರಿ ಯಾವುದೆಂದು ಹುಡುಕುತ್ತ ಹೋದಾಗ ನನಗೆ ದೊರೆತದ್ದು ಸುಮಾರು ನೂರು ವರ್ಷಗಳ ಒಂದು ಸ್ವಾರಸ್ಯಕರ ಇತಿಹಾಸ.

ಮೊದಲು ಸ್ಪೀಕರಿನ ಪರಿಚಯ. ಇದರ ಹೆಸರು ಎಲ್‌ಎಸ್ 3/5ಎ. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆ ತನ್ನ ಸ್ವಂತ ಉಪಯೋಗಕ್ಕಾಗಿ ಇದನ್ನು ರೂಪಿಸಿತು. ಸ್ಟುಡಿಯೋದ ಹೊರಗಿನ ಪ್ರಸಾರಕ್ಕೆ ಹೋಗುವ ವ್ಯಾನುಗಳಲ್ಲಿ ದೊಡ್ಡ ಸ್ಪೀಕರುಗಳಿಗೆ ಸ್ಥಳವಿರುತ್ತಿರಲಿಲ್ಲ. ಆದರೆ ಮಾತು ಮತ್ತು ಸಂಗೀತದ ಗುಣವನ್ನು ತಂತ್ರಜ್ಞರು ಅಲ್ಲಿಯೇ ಕುಳಿತು ನಿರ್ಣಯಿಸಬೇಕಿತ್ತು. ಸರ್ರೆ ಪ್ರಾಂತದ ಕಿಂಗ್ಸ್‌ವುಡ್ ವಾರನ್ ಎಂಬಲ್ಲಿದ್ದ ಬಿಬಿಸಿಯ ಸಂಶೋಧನಾ ವಿಭಾಗದವರು ಸುಮಾರು 30 ಸೆಂ.ಮೀ. ಎತ್ತರ, 19 ಸೆಂ.ಮೀ. ಅಗಲದ ಪೆಟ್ಟಿಗೆಯೊಳಗೆ ಮನುಷ್ಯಕಂಠವನ್ನು ಅದ್ಭುತ ನಿಜತನದಿಂದ ಹಿಡಿದಿಟ್ಟರು. ಒಳಗಿನ ಎರಡು ಘಟಕಗಳು ಕೆಂಟ್ ಪ್ರಾಂತದ ಮೇಡ್‌ಸ್ಟನ್ನಿನ ಕೆಇಎಫ್ ಕಂಪನಿಯವು. ಆ ಕಂಪನಿಯನ್ನು 1961ರಲ್ಲಿ ಸ್ಥಾಪಿಸಿದ ರೇಮಂಡ್ ಕುಕ್ ಕೂಡ ಹಿಂದೆ ಬಿಬಿಸಿಯಲ್ಲಿ ಕೆಲಸ ಮಾಡಿದವರು. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮೊದಲಾದ ಕಂಪನಿಗಳು ಬಿಬಿಸಿಯ ಪರವಾನಗಿ ಪಡೆದು ಇದನ್ನು ಸಾರ್ವಜನಿಕರಿಗೂ ಮಾರಿದವು. ಹಳೆಯ ಜೊತೆಗಳಿಗೆ ರಸಿಕರು ಇಂದಿಗೂ ದೊಡ್ಡ ಬೆಲೆ ತೆರುತ್ತಾರೆ.

ಇನ್ನು ಬಿಸಿಯ ವಿಷಯ. ನನ್ನ ಬಾಲ್ಯದಲ್ಲಿ, ಆಗಸ್ಟ್ 15ರ ಬೆಳಿಗ್ಗೆ, ಶಾಲೆಯ ಮೈಕಿನ ಪೆಟ್ಟಿಗೆಯ ಸ್ವಿಚ್ಚು ಹಾಕಿದೊಡನೆ ಮಾತಾಡಲು ಹೊರಟವರನ್ನು ಮುಖ್ಯೋಪಾಧ್ಯಾಯರು, "ತಡೀರಿ, ಇನ್ನೂ ಕಾಯಬೇಕು" ಎಂದು ತಡೆಯುತ್ತಿದ್ದರು. ಆಗಿನದು ವಾಲ್ವುಗಳ ಕಾಲ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ರೂಪಿಸಿದ ಆಡಿಯಾನ್ ಈ ಸಂತತಿಯ ಮೂಲ. ಗಾಜಿನ ಬುರುಡೆಯೊಳಗಿನ ತಂತಿ ಕೆಂಪಗೆ ಕಾದ ಹೊರತು ಎಲೆಕ್ಟ್ರಾನುಗಳು ಹೊರಡುತ್ತಿರಲಿಲ್ಲ. ಅಂದು ಬಿಸಿಯಿಲ್ಲದೆ ದನಿಯೇ ಇರಲಿಲ್ಲ.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ 1960ರ ದಶಕದಲ್ಲಿ ವಾಲ್ವು, ಟ್ರಾನ್ಸಿಸ್ಟರುಗಳೆರಡನ್ನೂ ತಯಾರಿಸುತ್ತಿತ್ತು. ಟ್ರಾನ್ಸಿಸ್ಟರಿಗೆ ಕಾಯಿಸುವ ತಂತಿ ಬೇಕಿಲ್ಲ. ಹಾಗಾದರೆ ನನ್ನ ಸ್ನೇಹಿತರ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಏಕೆ ಒಲೆಯಂತೆ ಕಾಯುತ್ತಿತ್ತು?

ಮರದ ದಿಮ್ಮಿಯನ್ನು ದೊಡ್ಡ ಗರಗಸದಿಂದ ಇಬ್ಬರು ಕೊಯ್ಯುವುದನ್ನು ನೀವು ನೋಡಿರಬೇಕು. ಒಬ್ಬ ಎಳೆಯುವಾಗ ಇನ್ನೊಬ್ಬ ಬಿಡುತ್ತಾನೆ. ಧ್ವನಿಯ ಅಲೆಯೂ ಮೇಲೆ ಕೆಳಗೆ ತೂಗುತ್ತದೆ. ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊತ್ತುಕೊಂಡರೆ ಅದು 'ಬಿ' ವರ್ಗ. ಒಬ್ಬರ ಸರದಿಯಲ್ಲಿ ಇನ್ನೊಬ್ಬರಿಗೆ ವಿಶ್ರಾಂತಿಯಿರುವುದರಿಂದ ಇದರಲ್ಲಿ ಬಿಸಿ ಕಡಿಮೆ. ಆದರೆ ಕೈ ಬದಲಾಗುವ ಕ್ಷಣದಲ್ಲಿ ಗರಗಸ ತುಸು ತಡವರಿಸಿದರೂ ಅಲೆಯಲ್ಲಿ ಒಂದು ಮುಕ್ಕು ಉಳಿಯುತ್ತದೆ. ಗಟ್ಟಿ ಸಂಗೀತದಲ್ಲಿ ಅದು ಮುಚ್ಚಿಹೋದೀತು. ಮೆಲುದನಿಯಲ್ಲಿ ಅಲೆಯೇ ಚಿಕ್ಕದಾದುದರಿಂದ ಮುಕ್ಕೇ ಎದ್ದು ಕೇಳುತ್ತದೆ. ಇಬ್ಬರೂ ಎಂದೂ ಕೈಬಿಡದೆ ಸದಾ ಪೂರ್ಣ ಬಲದಿಂದ ಹಿಡಿದಿದ್ದರೆ ಅದು 'ಎ' ವರ್ಗ. ಮುಕ್ಕು ಇಲ್ಲ, ಆದರೆ ವಿಶ್ರಾಂತಿಯೂ ಇಲ್ಲ. ಇಲ್ಲೊಂದು ವಿಚಿತ್ರವಿದೆ: 'ಎ' ವರ್ಗದ ಆಂಪ್ಲಿಫೈಯರು ಅತಿ ಹೆಚ್ಚು ಕಾಯುವುದು ಹಾಡು ನಿಂತಾಗ! ಸ್ಪೀಕರಿಗೆ ಹೋಗದ ಶಕ್ತಿಯೆಲ್ಲ ಶಾಖವಾಗಿ ಅಲ್ಲಿಯೇ ಉಳಿಯುತ್ತದೆ. ಮೆಲುದನಿಯಲ್ಲಿ ದಿನವೆಲ್ಲ ಕೇಳುವ ನಮ್ಮ ಮನೆಗೆ ಇದಕ್ಕಿಂತ ಹೊಂದದ ವಸ್ತು ಬೇರೊಂದಿರಲಾರದು.

ಆದರೂ ನಾದದ ಶುದ್ಧಿಗಾಗಿ ಜನ ಬಿಸಿಯನ್ನು ಸಹಿಸಿದರು. 1969ರಲ್ಲಿ ಜಾನ್ ಲಿನ್‌ಸ್ಲಿ ಹುಡ್ ಎಂಬವರು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ 10 ವ್ಯಾಟಿನ ಸರಳ 'ಎ' ವರ್ಗದ ನಕ್ಷೆಯನ್ನು ಹವ್ಯಾಸಿಗಳು ಇಂದಿಗೂ ಕಟ್ಟುತ್ತಾರೆ. ಹೆಚ್ಚಿನ ಕಂಪನಿಗಳು ಮಧ್ಯಮ ಮಾರ್ಗ ಹಿಡಿದು, ತುಸು ಪ್ರವಾಹವನ್ನು ಸದಾ ಹರಿಯಗೊಡುವ 'ಎಬಿ' ವರ್ಗವನ್ನು ಆರಿಸಿದವು. ಬಿಸಿಯಾಗುವುದೇ ಉತ್ತಮ ನಾದದ ಲಕ್ಷಣವೆಂಬ ನಂಬಿಕೆಯೂ ರಸಿಕರಲ್ಲಿ ಬೇರೂರಿತು.

ಈ ನಂಬಿಕೆಯನ್ನು ಮೊದಲು ಗಟ್ಟಿಯಾಗಿ ಅಲುಗಿಸಿದವರು ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನ ಪೀಟರ್ ವಾಕರ್. 1936ರಲ್ಲಿ ಅವರು ಸ್ಥಾಪಿಸಿದ ಕಂಪನಿ ಮುಂದೆ ಕ್ವಾಡ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1975ರಲ್ಲಿ ಹೊರಬಂದ ಅವರ ಕ್ವಾಡ್ 405 ಆಂಪ್ಲಿಫೈಯರಿನಲ್ಲಿ ಒಂದು ಸಣ್ಣ, ನುರಿತ 'ಎ' ವರ್ಗದ ಭಾಗವೂ, ಭಾರ ಹೊರಲು ದೊಡ್ಡ ಟ್ರಾನ್ಸಿಸ್ಟರುಗಳೂ ಇದ್ದವು. ದೊಡ್ಡವು ಸುಮ್ಮನಿದ್ದಾಗ ಪೂರ್ತಿ ವಿರಮಿಸುತ್ತಿದ್ದವು. ಅವು ತಡವರಿಸಿದಲ್ಲೆಲ್ಲ ಸಣ್ಣ ಭಾಗವೇ ಆ ಮುಕ್ಕನ್ನು ತುಂಬುವಂತೆ ತೂಕದ ಒಂದು ಜಾಲವನ್ನು ವಾಕರ್ ಹೆಣೆದರು. 'ಕರೆಂಟ್ ಡಂಪಿಂಗ್' ಎಂದು ಕರೆಯಲಾದ ಈ ವಿಧಾನದಿಂದ 100 ವ್ಯಾಟಿನ ಆಂಪ್ಲಿಫೈಯರು ಮೆಲುದನಿಯಲ್ಲಿ ತಣ್ಣಗೆ ಉಳಿಯಿತು. ಜಾಣ ಕಿರಿಯನೊಬ್ಬ ಬಲಿಷ್ಠ ಅಣ್ಣಂದಿರ ತಪ್ಪು ತಿದ್ದುತ್ತ ಕೆಲಸ ಸಾಗಿಸುವ ಸಂಸಾರವನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ಅರ್ಥವಾದೀತು.

ಇನ್ನೊಂದು ದಾರಿ 'ಡಿ' ವರ್ಗ. ಹಿಂದೆ ನಮ್ಮ ಫ್ಯಾನುಗಳಿಗೆ ಗೋಡೆಯ ಮೇಲೆ ದೊಡ್ಡ ರೆಗ್ಯುಲೇಟರ್ ಪೆಟ್ಟಿಗೆ ಇರುತ್ತಿತ್ತು. ವೇಗ ತಗ್ಗಿಸಿದರೆ ಆ ಪೆಟ್ಟಿಗೆ ಬೆಚ್ಚಗಾಗುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ವಿದ್ಯುತ್ತನ್ನು ತಡೆದು ಸುಡುವುದಿಲ್ಲ. ಕ್ಷಣಕ್ಷಣಕ್ಕೂ ಬಿಟ್ಟು ಹಿಡಿದು ಮಾಡುತ್ತದೆ. 'ಡಿ' ವರ್ಗದ ಆಂಪ್ಲಿಫೈಯರೂ ಟ್ರಾನ್ಸಿಸ್ಟರನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತದೆ. ಕೊನೆಯಲ್ಲೊಂದು ಸೋಸುವ ಸುರುಳಿ ಆ ತುಣುಕುಗಳನ್ನು ಮತ್ತೆ ನಯವಾದ ಅಲೆಯಾಗಿಸುತ್ತದೆ. ಬ್ರಿಟನ್ನಿನ ಕ್ಲೈವ್ ಸಿಂಕ್ಲೇರ್ 1964ರಲ್ಲಿಯೇ 'ಎಕ್ಸ್-10' ಎಂಬ ಇಂತಹ ಆಂಪ್ಲಿಫೈಯರನ್ನು ಮಾರಿದರು. ಅಂದಿನ ಟ್ರಾನ್ಸಿಸ್ಟರುಗಳಿಗೆ ಬೇಕಾದ ಚುರುಕು ಇರಲಿಲ್ಲವಾಗಿ ಅದು ಯಶಸ್ವಿಯಾಗಲಿಲ್ಲ. ವೇಗದ ಮಾಸ್‌ಫೆಟ್‌ಗಳು ಬಂದ ಮೇಲೆ ಈ ವಿಚಾರಕ್ಕೆ ಮರುಜೀವ ಬಂತು.

ಇನ್ನು ಜೋಡಿಯ ಪ್ರಶ್ನೆ. ವರನನ್ನು ನೋಡುವಾಗ ವಧುವಿನ ಸ್ವಭಾವವನ್ನೂ ತಿಳಿದಿರಬೇಕಲ್ಲವೇ? ಎಲ್‌ಎಸ್ 3/5ಎ ಮಿತಭಾಷಿ. ಅದರ ಸಂವೇದನೆ 83 ಡೆಸಿಬೆಲ್ಲಿನ ಆಸುಪಾಸು. 88 ಡೆಸಿಬೆಲ್ಲಿನ ಸ್ಪೀಕರಿಗಿಂತ ಸುಮಾರು ಮೂರು ಪಟ್ಟು ಶಕ್ತಿ ಕೊಟ್ಟರೆ ಮಾತ್ರ ಅಷ್ಟೇ ಗಟ್ಟಿಯಾಗಿ ನುಡಿಯುತ್ತದೆ. ಮೊದಲಿನ ಜೊತೆಗಳ ವಿದ್ಯುತ್ ತಡೆ 15 ಓಮ್. ಸಾಮಾನ್ಯ ಸ್ಪೀಕರುಗಳದು ನಾಲ್ಕೋ ಎಂಟೋ. ಆದುದರಿಂದ ಇದು ಪ್ರವಾಹವನ್ನು ಕಡಿಮೆ ಬೇಡುತ್ತದೆ, ಆಂಪ್ಲಿಫೈಯರಿಗೆ ಆಯಾಸವಿಲ್ಲ. ಆದರೆ ಒಂದು ತೊಡಕಿದೆ. ಅನೇಕ ಹಳೆಯ 'ಡಿ' ವರ್ಗದ ಆಂಪ್ಲಿಫೈಯರುಗಳ ಸೋಸುವ ಸುರುಳಿಯನ್ನು 4 ಅಥವಾ 8 ಓಮಿಗೆಂದು ಲೆಕ್ಕ ಹಾಕಿರುತ್ತಾರೆ. 15 ಓಮ್ ಜೋಡಿಸಿದರೆ ತಾರಸ್ವರಗಳು ಅಳತೆ ಮೀರಿ ಎದ್ದು ಕಿವಿಗೆ ಚುಚ್ಚಬಹುದು. 2000ರ ದಶಕದ ಆರಂಭದಲ್ಲಿ ಫಿಲಿಪ್ಸ್ ಕಂಪನಿಯಲ್ಲಿದ್ದ ಬ್ರೂನೋ ಪುಟ್ಜೀಸ್ ಎಂಬ ಎಂಜಿನಿಯರು ಸುರುಳಿಯನ್ನು ದಾಟಿದ ಮೇಲಿನ ಅಲೆಯನ್ನೇ ಅಳೆದು ತಿದ್ದುವ ವಿನ್ಯಾಸ ಮಾಡಿ ಈ ತೊಡಕನ್ನು ನಿವಾರಿಸಿದರು. ಈಗ ಅಂಥ ಆಂಪ್ಲಿಫೈಯರಿಗೆ ಯಾವ ಸ್ಪೀಕರನ್ನು ಕಟ್ಟಿದರೂ ಸ್ವರಸಮತೋಲ ಕೆಡುವುದಿಲ್ಲ. ಅಂಗಡಿಯಲ್ಲಿ ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ.

ನನ್ನ ಮುಂದೆ ಎರಡು ದಾರಿಗಳಿದ್ದವು: ಹಳೆಯ ಕ್ವಾಡ್ 405, ಇಲ್ಲವೇ ಇಂತಹ ಹೊಸ 'ಡಿ' ವರ್ಗ. ಇತಿಹಾಸಪ್ರೇಮಿಯಾದ ನನ್ನ ಮನಸ್ಸು ಕ್ವಾಡಿನ ಕಡೆಗೇ ವಾಲಿತ್ತು. ಆದರೆ ಅರ್ಧ ಶತಮಾನ ಹಳೆಯದಾದ ಯಂತ್ರದ ಕೆಪಾಸಿಟರುಗಳನ್ನು ಬದಲಿಸಬಲ್ಲ ಕೈಗಳು ನಮ್ಮೂರಿನಲ್ಲಿ ವಿರಳ. ರಿಪೇರಿಗೆ ಹೋದರೆ ವಾರಗಟ್ಟಲೆ ಕೋಣೆ ಮೂಕವಾಗುತ್ತದೆ. ಹೊಸದನ್ನೇ ತರಿಸಿದೆ. ಅದು ನಾದವನ್ನು ಒಣಗಿಸೀತೆಂಬ ಅಳುಕು ಮಾತ್ರ ಹೋಗಿರಲಿಲ್ಲ.

ಪರೀಕ್ಷಕರು ಶ್ರೀಮತಿಯವರೇ. ಯಾವ ಯಂತ್ರವೆಂದು ಹೇಳದೆ, ರಾತ್ರಿ ಎಲ್ಲ ಸದ್ದಡಗಿದ ಮೇಲೆ, ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯನ್ನು ಅತಿ ಮೆಲುದನಿಯಲ್ಲಿ ಒಮ್ಮೆ ಅದರಲ್ಲಿ, ಒಮ್ಮೆ ಇದರಲ್ಲಿ ಹಾಕಿದೆ. ಕೈ ಬದಲಾಗುವ ಮುಕ್ಕು ಎಲ್ಲಾದರೂ ಇದ್ದರೆ ತಂಬೂರಿಯ ಕ್ಷೀಣವಾದ ಝೇಂಕಾರದಲ್ಲಿ ಅದು ಸಿಕ್ಕಿಬೀಳಲೇಬೇಕು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, "ಎರಡರಾಗೂ ತಂಬೂರಿ ಬರೋಬರಿ ಐತಿ. ಒಲಿ ಮಾತ್ರ ತಿರುಗಿ ಕೊಟ್ಟುಬಿಡ್ರಿ" ಎಂದರು.

ಮರುದಿನ ಒಲೆಯನ್ನು ಸ್ನೇಹಿತರಿಗೆ ಧನ್ಯವಾದಪೂರ್ವಕವಾಗಿ ಹಿಂದಿರುಗಿಸಿದೆ. ದಿನಕ್ಕೆ 14 ಗಂಟೆ ಹಾಡಿದರೆ ಅದು ಎರಡೂವರೆ ಯೂನಿಟ್ ತಿನ್ನುತ್ತಿತ್ತು. ಹೊಸದು ಸುಮಾರು 12 ವ್ಯಾಟ್ ಎಳೆಯುವುದರಿಂದ ಕಾಲು ಯೂನಿಟ್ಟೂ ಆಗುವುದಿಲ್ಲ. ನನ್ನ ಸ್ನೇಹಿತರ ಪಕ್ಷವನ್ನು ನಾನು ಹಳಿಯಲಾರೆ. ಕೈ ಬದಲಾಗುವಾಗ ಸಂಗೀತಕ್ಕೆ ಪೆಟ್ಟು ಬೀಳುತ್ತದೆಂದು ಅವರು ಹೇಳುತ್ತ ಬಂದದ್ದು ನಿಜವೇ. ಅದನ್ನು ತಡೆಯಲು ಅಂದು ಇದ್ದ ಖಚಿತ ಉಪಾಯಕ್ಕೆ ತೆತ್ತ ಬೆಲೆ ಆ ಬಿಸಿ. ಬೆಲೆಯನ್ನೇ ಗುಣವೆಂದು ತಿಳಿಯುವ ತಪ್ಪನ್ನು ನಾವು ಎಷ್ಟೋ ಕಡೆ ಮಾಡುತ್ತೇವೆ. ಮೇಷ್ಟ್ರು ಗದರಿದಷ್ಟೂ ಪಾಠ ಚೆನ್ನಾಗಿ ಹತ್ತುತ್ತದೆಂದು ನಾನೂ ಹಲವು ವರ್ಷ ನಂಬಿದ್ದೆ. ಆ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದವರು ನನ್ನನ್ನು ಕ್ಷಮಿಸಬೇಕು.

ಈಗ ಮತ್ತೆ ಬೇಸಿಗೆ ಬಂದಿದೆ. ಬೆಳಗಿನ ಐದಕ್ಕೆ ಹಾಡು ಶುರುವಾಗುತ್ತದೆ. ನಡುನಡುವೆ ಆಂಪ್ಲಿಫೈಯರಿನ ಮೇಲೆ ಕೈಯಿಟ್ಟು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ತಣ್ಣಗಿದೆ. ಈ ಕಡೆ ಬಂದಾಗ ಮನೆಗೆ ಬನ್ನಿ, ಕುಳಿತು ಕೇಳೋಣ.