ಥ್ಯಾಕರೆ ಎಂಬ ಅಡ್ಡಹೆಸರಿನ ಮೂಲ ಮತ್ತು ಪ್ರಸಾರ

ನಾನು ಮಾಧ್ಯಮಿಕ ಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸುತ್ತಿದ್ದಾಗ ಕಿತ್ತೂರಿನ ಪಾಠ ಬಂದ ದಿನ ಒಬ್ಬ ವಿದ್ಯಾರ್ಥಿಯಾದರೂ ಎದ್ದುನಿಂತು, “ಕಿತ್ತೂರಿನಲ್ಲಿ ಸತ್ತ ಥ್ಯಾಕರೆಯೂ ಇಂಗ್ಲಿಷ್ ಕಾದಂಬರಿ ಬರೆದ ಥ್ಯಾಕರೆಯೂ ಒಬ್ಬನೇ ಏನ್ರೀ ಸರ್?” ಎಂದು ಕೇಳುವುದು ವಾಡಿಕೆಯಾಗಿತ್ತು. ಅಲ್ಲವೆಂದು ಹೇಳಿ ಮುಂದೆ ಸಾಗುತ್ತಿದ್ದೆ. ಆದರೆ ಅದು ಪೂರ್ಣ ಉತ್ತರವಲ್ಲವೆಂಬ ಅಳುಕು ನನ್ನಲ್ಲಿ ಉಳಿದೇ ಇತ್ತು. ಆ ಋಣವನ್ನು ತೀರಿಸುವುದಕ್ಕಾಗಿ ಈ ಲೇಖನ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಷೈರ್ ಎಂಬ ವಿಸ್ತಾರವಾದ ಪ್ರಾಂತವಿದೆ. ಒಂಬತ್ತನೆಯ ಶತಮಾನದಲ್ಲಿ ಸ್ಕ್ಯಾಂಡಿನೇವಿಯದಿಂದ ಹಡಗೇರಿ ಬಂದ ಜನರು ಆ ಪ್ರಾಂತವನ್ನು ಆಕ್ರಮಿಸಿ, 876ರಲ್ಲಿ ಭೂಮಿಯನ್ನು ತಮ್ಮೊಳಗೆ ಹಂಚಿಕೊಂಡು ಬೇಸಾಯಕ್ಕೆ ನಿಂತರು. ಅವರ ಆಳ್ವಿಕೆ ಬಹುಕಾಲ ಉಳಿಯಲಿಲ್ಲವಾದರೂ ಹಳ್ಳ, ದಿಬ್ಬ, ಹೊಲಗಳಿಗೆ ಅವರಿಟ್ಟ ಹೆಸರುಗಳು ಉಳಿದವು. ವಾಶ್‌ಬರ್ನ್ ಎಂಬ ಹೊಳೆಯ ಕಣಿವೆಯಲ್ಲಿ, ಗ್ರೇಟ್ ಟಿಂಬಲ್ ಎಂಬ ಊರಿನ ಸರಹದ್ದಿನಲ್ಲಿದ್ದ ‘ಥ್ಯಾಕ್ರೇ’ ಎಂಬ ನೆಲೆ ಅಂಥವುಗಳಲ್ಲೊಂದು. ಅವರ ಭಾಷೆಯಲ್ಲಿ ‘ಥಾಕ್’ ಎಂದರೆ ಮನೆಗೆ ಹೊದಿಸುವ ಹುಲ್ಲು ಅಥವಾ ಜೊಂಡು. ‘ವ್ರಾ’ ಎಂದರೆ ಮೂಲೆ. ಸೂರಿಗೆ ಬೇಕಾದ ಜೊಂಡು ಬೆಳೆಯುವ ಮೂಲೆ ಎಂಬುದೇ ಒಟ್ಟು ಅರ್ಥ. ನಮ್ಮ ಕಡೆಯ ‘ಮೂಲಿಮನಿ’ ಮನೆತನದವರಿಗೆ ಈ ಹೆಸರಿನ ಅರ್ಧಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲದ ಹೆಸರು ಮನೆತನದ ಹೆಸರಾಗುವ ಕ್ರಮವೂ ನಮಗೆ ಹೊಸದಲ್ಲ. ಸವದತ್ತಿಯನ್ನು ಬಿಟ್ಟು ಬೇರೆಡೆ ನೆಲೆಸಿದವನನ್ನೇ ಜನ ಸವದತ್ತಿಯವನೆಂದು ಕರೆಯುವರು. ಸವದತ್ತಿಯಲ್ಲಿಯೇ ಇರುವವನಿಗೆ ಆ ಹೆಸರಿನಿಂದ ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿಯೂ ಹಾಗೆಯೇ. ಯಾರ್ಕ್‌ಷೈರಿನ ಪಶ್ಚಿಮ ಭಾಗದ 1379ರ ತಲೆಗಂದಾಯದ ಪಟ್ಟಿಗಳಲ್ಲಿ, ಊರಿನ ಹೆಸರಿನ ಹಿಂದೆ ‘ದ’ ಎಂಬ ಫ್ರೆಂಚ್ ಉಪಪದವನ್ನು ಹಚ್ಚಿಕೊಂಡ ರೈತರು ಸಾಲುಸಾಲಾಗಿ ಕಾಣಸಿಗುತ್ತಾರೆ. ಮುಂದೆ ಆ ಉಪಪದ ಉದುರಿಹೋಗಿ ಊರಿನ ಹೆಸರಷ್ಟೇ ಉಳಿಯಿತು.

ಬರೆಯುವವನ ಕಿವಿಗೆ ಕೇಳಿಸಿದಂತೆ ಥ್ಯಾಕ್ರೇ, ಥ್ಯಾಕ್ರಾ, ಥ್ಯಾಕರೆ ಎಂದು ಈ ಹೆಸರು ಕವಲೊಡೆಯಿತು. ಆದರೂ ಬಹುಮಂದಿ ಯಾರ್ಕ್‌ಷೈರನ್ನು ಬಿಟ್ಟು ದೂರ ಹೋಗಲಿಲ್ಲ. ಕಾರ್ಮಿಕರಿಗೆ ಅವರವರ ಕಸುಬಿನಿಂದಲೇ ತಗಲುವ ರೋಗಗಳನ್ನು ಕುರಿತು 1831ರಲ್ಲಿ ಗ್ರಂಥ ರಚಿಸಿದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಲೀಡ್ಸ್ ನಗರದವನು. ಅದೇ ನಗರದಲ್ಲಿ 1997ರಲ್ಲಿ ತೆರೆದ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೂ ಥ್ಯಾಕ್ರೇ ಎಂಬ ಹೆಸರೇ ಇದೆ. ವಿಚಿತ್ರವೆಂದರೆ, ಲೀಡ್ಸಿಗೆ ಕುಡಿಯುವ ನೀರನ್ನೊದಗಿಸಲು 1870ರ ದಶಕದಲ್ಲಿ ವಾಶ್‌ಬರ್ನ್ ಹೊಳೆಗೆ ಕಟ್ಟಿದ ಫ್ಯೂಸ್ಟನ್ ಜಲಾಶಯದಲ್ಲಿಯೇ ಮೂಲದ ಥ್ಯಾಕ್ರೇ ಮುಳುಗಿಹೋಯಿತು. ಹೆಸರನ್ನು ಹೊತ್ತವರ ಬಾಯಾರಿಕೆಗೆ ಹೆಸರಿನ ತೌರೇ ಬಲಿಯಾಯಿತೆನ್ನಬೇಕು.

ದೂರ ಹೋದದ್ದು ‘ಥ್ಯಾಕರೆ’ ಎಂದು ಬರೆದುಕೊಂಡ ಒಂದು ಕವಲು. ಹ್ಯಾಂಪ್ಸ್‌ಥ್ವೇಟ್ ಎಂಬ ಹಳ್ಳಿಯ ಈ ಕುಟುಂಬದ ಥಾಮಸ್ ಥ್ಯಾಕರೆ ವಿದ್ಯಾಬಲದಿಂದ ಮೇಲೇರಿ 1746ರಿಂದ 1760ರವರೆಗೆ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದನು. ಅವನ ಮಕ್ಕಳಲ್ಲಿ ಕಿರಿಯವನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1766ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಗೆ ಸೇರಿ ಬಂಗಾಳಕ್ಕೆ ಬಂದನು. ಸಿಲ್ಹೆಟ್ಟಿನಲ್ಲಿ ಕಲೆಕ್ಟರನಾಗಿ, ಕಾಡಾನೆಗಳನ್ನು ಹಿಡಿಸಿ ಮಾರಿ, ಹತ್ತೇ ವರ್ಷಗಳಲ್ಲಿ ಹಣವಂತನಾಗಿ ಸ್ವದೇಶಕ್ಕೆ ಮರಳಿದನು. ತಂದೆಯ ದಾರಿಯನ್ನೇ ಮಕ್ಕಳೂ ಹಿಡಿದರು. ಅವರಲ್ಲಿ ಮೂವರನ್ನು ಇಲ್ಲಿ ನೆನೆದರೆ ಸಾಕು. ವಿಲಿಯಂ ಎಂಬವನು ಮದರಾಸು ಪ್ರಾಂತದಲ್ಲಿ ಥಾಮಸ್ ಮನ್ರೋನ ಕೈಕೆಳಗೆ ಪಳಗಿದ ಅಧಿಕಾರಿ. ರಿಚ್ಮಂಡ್ ಎಂಬವನು ಬಂಗಾಳದಲ್ಲಿದ್ದನು. 1811ರಲ್ಲಿ ಕಲ್ಕತ್ತೆಯಲ್ಲಿ ಅವನಿಗೆ ಹುಟ್ಟಿ, ಅಜ್ಜನ ಹೆಸರನ್ನೇ ಪಡೆದ ಮಗನೇ ‘ವ್ಯಾನಿಟಿ ಫೇರ್’ ಕಾದಂಬರಿಯ ಕರ್ತೃ. ಮೂರನೆಯವನು ಸೇಂಟ್ ಜಾನ್ ಥ್ಯಾಕರೆ, ಧಾರವಾಡದ ಕಲೆಕ್ಟರ್.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಪುತ್ರಸಂತಾನವಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಒಪ್ಪದೆ ಸಂಸ್ಥಾನದ ಭಂಡಾರಕ್ಕೆ ಮುದ್ರೆಯೊತ್ತಿಸಿದವನು ಈತನೇ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಂದ ಹತನಾದನು. ಕಾದಂಬರಿಕಾರನು ಆಗ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ ಹದಿಮೂರರ ಹುಡುಗ. ಹೀಗೆ ಕಿತ್ತೂರಿನ ಥ್ಯಾಕರೆ ಕಾದಂಬರಿಕಾರನ ಚಿಕ್ಕಪ್ಪ. ಕೆಲವರು ಬರೆಯುವಂತೆ ತಂದೆಯಲ್ಲ. ತಂದೆ ರಿಚ್ಮಂಡ್ 1815ರಲ್ಲಿಯೇ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದನು. ಶತ್ರುವಿನದಾದರೂ ವಂಶಾವಳಿಯನ್ನು ತಪ್ಪಾಗಿ ಬರೆಯುವುದು ಚರಿತ್ರೆಕಾರನಿಗೆ ಸಲ್ಲದು. (ಆ ದಿನ ಕಿತ್ತೂರಿನವರ ಕೈಗೆ ಸೆರೆಸಿಕ್ಕಿದ ತರುಣ ಅಧಿಕಾರಿ ವಾಲ್ಟರ್ ಎಲಿಯಟ್ಟನೇ ಮುಂದೆ ಊರೂರು ತಿರುಗಿ ನಮ್ಮ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನು.)

ಕಾದಂಬರಿಕಾರನ ಕೀರ್ತಿಯಿಂದ ಈ ಹೆಸರಿಗೆ ರಕ್ತಸಂಬಂಧವಿಲ್ಲದ ಮತ್ತೊಂದು ಕವಲೂ ಮೂಡಿತು. ಮರಾಠಿಯ ಸಮಾಜಸುಧಾರಕ, ‘ಪ್ರಬೋಧನಕಾರ’ರೆಂದು ಖ್ಯಾತರಾದ ಕೇಶವ ಸೀತಾರಾಮ ಠಾಕ್ರೆಯವರು (1885–1973) ಆ ಲೇಖಕನ ಮೇಲಿನ ಅಭಿಮಾನದಿಂದ ತಮ್ಮ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಅವನಂತೆಯೇ ಬರೆಯತೊಡಗಿದರೆಂದು ಹೇಳುತ್ತಾರೆ. ಇಂಗ್ಲಿಷ್ ಪತ್ರಿಕೆಯನ್ನೋದುವವನಿಗೆ ಯಾರ್ಕ್‌ಷೈರಿನವರೂ ಮುಂಬಯಿಯವರೂ ಒಂದೇ ಬಳ್ಳಿಯವರೆಂದು ತೋರಿದರೆ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಬರೆಯುವಾಗ ಆ ತೊಡಕಿಲ್ಲ: ಅವರಿಗೆ ‘ಥ’ಕಾರ, ಇವರಿಗೆ ‘ಠ’ಕಾರ.