ನದಿ ದಂಡೆಯ ನವನಗರ: ನಕ್ಷೆ ಹೇಳಿದ್ದು, ಹೇಳದ್ದು

ನದಿಯನ್ನು ನಕ್ಷೆಯ ಮೇಲಿನ ಗೆರೆಯಾಗಿ ನೋಡುವುದು ಗಡಿನಾಡಿನವರಿಗೆ ಹೊಸತಲ್ಲ. 1967ರ ಮಹಾಜನ ವರದಿಯು ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ನಮ್ಮ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಆ ಗೆರೆ ಕಾಗದದಲ್ಲೇ ಉಳಿಯಿತು. ಆದರೆ ನಕ್ಷೆಯೊಂದು ಕಾಗದದಿಂದ ನೆಲಕ್ಕಿಳಿದು ಊರನ್ನೇ ಬದಲಿಸಿದ ಉದಾಹರಣೆಯೂ ಕೃಷ್ಣಾ ಕೊಳ್ಳದಲ್ಲಿದೆ. ಅದು ಬಾಗಲಕೋಟೆಯ ನವನಗರ.

ಬಾಗಲಕೋಟೆ ಘಟಪ್ರಭಾ ದಂಡೆಯ ಹಳೆಯ ಪೇಟೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಅದರ ಹಿನ್ನೀರು ಘಟಪ್ರಭೆಯಲ್ಲೂ ಏರುವುದರಿಂದ ಪೇಟೆಯ ತಗ್ಗಿನ ಭಾಗ ಮುಳುಗಡೆಯ ಲೆಕ್ಕಕ್ಕೆ ಸೇರಿತು. ನಿರಾಶ್ರಿತರಾಗುವವರಿಗಾಗಿ ಹೊಸ ಊರಿನ ನಕ್ಷೆ ತಯಾರಾಯಿತು. ಅದರ ಯೋಜನೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಅಗಲವಾದ ರಸ್ತೆ, ಶಾಲೆ, ಉದ್ಯಾನ, ಸೆಕ್ಟರುಗಳು, ನಿವೇಶನದ ಸಂಖ್ಯೆಗಳು: ಮನೆ ಬಿಡುವವನಿಗೆ ಅಂಥ ನಕ್ಷೆ ಒಂದು ಭರವಸೆಯ ಪತ್ರವೇ ಸರಿ.

ಆ ಪತ್ರದಲ್ಲಿ ಎರಡು ಸಂಗತಿಗಳಿಗೆ ಸ್ಥಳವಿರಲಿಲ್ಲ. ಒಂದು, ಓಣಿ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳ ಮೇಲೆಯೇ ಬಾಗಲಕೋಟೆಯ ಹೋಳಿಯ ಹಲಗೆ, ಬಣ್ಣದ ಬಂಡಿಗಳು ನಡೆದುಬಂದಿವೆ. ಸೆಕ್ಟರಿನ ಸಂಖ್ಯೆಗೆ ಅಂಥ ನೆನಪಿಲ್ಲ. ಅದನ್ನು ಜನರೇ ಹೊಸದಾಗಿ ಕಟ್ಟಿಕೊಳ್ಳಬೇಕು. ಎರಡು, ಮುಳುಗಡೆಯ ರೇಖೆ ಒಂದೇ ಕಡೆ ನಿಲ್ಲುವುದಿಲ್ಲ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಆಲಮಟ್ಟಿಯ ಎತ್ತರಕ್ಕೆ 519.6 ಮೀಟರ್ ಮಿತಿ ಹಾಕಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿತು. ಕಾಗದದ ಮೇಲೆ ಇದು ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು. ಆದರೆ ಮೊದಲ ನಕ್ಷೆಯಲ್ಲಿ ದಂಡೆಯ ಮೇಲಿದ್ದ ಮನೆ, ಹೊಲ ಎರಡನೆಯದರಲ್ಲಿ ನೀರಿನೊಳಗೆ ಸೇರಬಹುದು.

ಸೋನ್ಯಾಳದಲ್ಲಿ ನಮ್ಮ ಕಷ್ಟ ಇದಕ್ಕೆ ತಿರುವುಮುರುವು. ಅಲ್ಲಿ ನೀರು ಬಂದು ಊರು ಎದ್ದಿತು. ಇಲ್ಲಿ ನೀರಿಗಾಗಿ ಊರು ಕಾದಿತು. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯನ್ನು ಪಂಪುಗಳಿಂದ ಎತ್ತಿ ಹರಿಸುವ ಯೋಜನೆಯ ನಕ್ಷೆಯಲ್ಲಿ ಜತ್ತದ ಪೂರ್ವಭಾಗದ ಹಳ್ಳಿಗಳು ಬಹುಕಾಲ ಹೊರಗುಳಿದವು. 2012ರಲ್ಲಿ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂಬ ಕೂಗೆದ್ದದ್ದು ಈ ಬಾಯಾರಿಕೆಯಿಂದಲೇ. 2022ರಲ್ಲಿ ಗಡಿಯ ಮಾತು ಮತ್ತೆ ಕಾವೇರಿದಾಗ ವಿಸ್ತರಿತ ಮ್ಹೈಸಾಳದ ಮಾತೂ ಮುಂದೆ ಬಂತು.

ಕಾಲುವೆ ಬಂದರೆ ಸಂತೋಷ. ಆದರೆ ಅದರ ಜೊತೆ ಹೊಸ ನಕ್ಷೆಗಳೂ ಬರುತ್ತವೆ. ಆದ್ದರಿಂದ ಹಿರಿಯರು ಇರುವಾಗಲೇ ನಮ್ಮ ಹಳ್ಳ, ಹೊಲ, ಬಾವಿ, ದಾರಿಗಳ ಕನ್ನಡ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದಿಡೋಣ. ಶಾಲೆಯ ಮಕ್ಕಳಿಂದಲೂ ಇದು ಸಾಧ್ಯ. ನಾಳೆ ಯಾರಾದರೂ ನಮ್ಮೂರಿನ ನಕ್ಷೆ ಬಿಡಿಸಲು ಬಂದರೆ, ಅವರ ಮುಂದೆ ಇಡಲು ನಮ್ಮದೂ ಒಂದು ನಕ್ಷೆ ಇರಬೇಕು.