ಕುಮುದ್ವತಿ ಏಕೆ ಬತ್ತಿತು? ಮಳೆಮಾಪಕ ಕೊಟ್ಟ ಉತ್ತರ

ಬೆಂಗಳೂರಿನಿಂದ ತುಮಕೂರಿಗೆ ಹೋಗುವಾಗ ದಾಬಸ್‌ಪೇಟೆಯ ಬಳಿ ಎಡಗಡೆಗೆ ಶಿವಗಂಗೆ ಬೆಟ್ಟ ಕಾಣುತ್ತದೆ. ಈ ಬೆಟ್ಟಸಾಲಿನಲ್ಲಿ ಒಂದು ನದಿ ಹುಟ್ಟುತ್ತದೆ ಎಂಬುದು ನಿಮಗೆ ಗೊತ್ತೇ? ಅದೇ ಕುಮುದ್ವತಿ. ನೆಲಮಂಗಲದ ಸೀಮೆಯನ್ನು ದಾಟಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅದು ಅರ್ಕಾವತಿಯನ್ನು ಸೇರುತ್ತದೆ.

ಈ ಸಂಗಮದ ಬಳಿ 1933ರಲ್ಲಿ ಚಾಮರಾಜಸಾಗರ ಜಲಾಶಯ ಸಿದ್ಧವಾಯಿತು. ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಬಾಯಾರಿಕೆಯನ್ನು ಹೆಚ್ಚಾಗಿ ನೀಗಿಸಿದ್ದು ಇದೇ. ಆದರೆ 1970ರ ದಶಕದ ನಂತರ ಜಲಾಶಯಕ್ಕೆ ಬರುವ ನೀರು ಇಳಿಯುತ್ತಾ ಹೋಯಿತು. ಈಗ ಕುಮುದ್ವತಿಯ ಪಾತ್ರದಲ್ಲಿ ವರ್ಷದ ಬಹುಕಾಲ ನೀರಿನ ಹರಿವಿಲ್ಲ.

ಕಾರಣ ಕೇಳಿದರೆ ಊರಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಈಗ ಮೊದಲಿನ ಹಾಗೆ ಮಳೆ ಎಲ್ಲಿದೆ?" ಈ ಮಾತು ನಿಜವೇ? ಇದನ್ನು ನೆನಪಿನಿಂದ ತೀರ್ಮಾನಿಸಲು ಆಗುವುದಿಲ್ಲ. ಭಾರಿ ಮಳೆ ಬಂದ ವರ್ಷ ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ. ಸಾಧಾರಣ ವರ್ಷ ಮರೆತುಹೋಗುತ್ತದೆ. ಹಾಗಾಗಿ ಅಳೆದು ಬರೆದಿಟ್ಟ ಅಂಕಿಗಳನ್ನೇ ಕೇಳಬೇಕು.

ಅದೃಷ್ಟವಶಾತ್ ನಮ್ಮಲ್ಲಿ ಅಂಥ ಅಂಕಿಗಳಿವೆ. ಭಾರತದ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. 19ನೆಯ ಶತಮಾನದ ಕೊನೆಯ ದಶಕದಲ್ಲಿ, ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ, ಮೈಸೂರು ಸಂಸ್ಥಾನವು ಮಳೆ ದಾಖಲೆಯ ವರದಿಗಳನ್ನು ಪ್ರಕಟಿಸಿತು. ಪ್ರತಿದಿನ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದ ಸಿಬ್ಬಂದಿಗೆ ಅದು ನಿತ್ಯದ ಕೆಲಸಗಳಲ್ಲಿ ಒಂದು. ಮುಂದೊಂದು ದಿನ ಅದು ನದಿಯೊಂದರ ಸಾಕ್ಷಿಯಾಗುತ್ತದೆಂದು ಅವರು ಊಹಿಸಿರಲಾರರು.

ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಹೋದ್ಯೋಗಿಗಳು ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಇದರ ವಿಸ್ತಾರ ಸುಮಾರು 1,450 ಚದರ ಕಿಲೋಮೀಟರ್. ಅವರ ವಿಧಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಳೆ ಕಡಿಮೆಯಾಯಿತೇ? ಉಷ್ಣತೆ ಹೆಚ್ಚಿತೇ? ಅಂತರ್ಜಲ ಇಳಿಯಿತೇ? ನೀಲಗಿರಿ ತೋಪುಗಳು ನೀರನ್ನು ಹೀರಿದವೇ? ಹಳ್ಳಗಳಿಗೆ ಅಡ್ಡಗಟ್ಟೆಗಳು ಬಂದವೇ? ಹೀಗೆ ಸಾಧ್ಯವಿರುವ ಕಾರಣಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದನ್ನೂ ಪರೀಕ್ಷಿಸಿದರು.

ಫಲಿತಾಂಶ ಊರಿನ ಮಾತಿಗೆ ವಿರುದ್ಧವಾಗಿತ್ತು. ನದಿಯ ಇಷ್ಟು ದೊಡ್ಡ ಇಳಿಕೆಯನ್ನು ವಿವರಿಸುವಷ್ಟು ಬದಲಾವಣೆ ಮಳೆಯಲ್ಲಾಗಲಿ ಉಷ್ಣತೆಯಲ್ಲಾಗಲಿ ಕಂಡುಬರಲಿಲ್ಲ. ಹೆಚ್ಚು ಸಂಭವನೀಯ ಕಾರಣಗಳೆಂದರೆ ಕೊಳವೆಬಾವಿಗಳಿಂದ ಅಂತರ್ಜಲದ ಎತ್ತುವಳಿ ಮತ್ತು ನೀಲಗಿರಿ ತೋಪುಗಳ ವಿಸ್ತರಣೆ.

ಇದು ಹೇಗೆ? ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿದ್ದರೆ ನೀರು ನೆಲದಿಂದ ಹಳ್ಳಕ್ಕೆ ಜಿನುಗುತ್ತದೆ. ಆದ್ದರಿಂದಲೇ ಮಳೆ ನಿಂತ ಮೇಲೂ ಹಳ್ಳ ಹರಿಯುತ್ತದೆ. ಮಟ್ಟ ತಳಕ್ಕಿಂತ ಕೆಳಗೆ ಹೋದರೆ ಹಳ್ಳದ ನೀರನ್ನೇ ನೆಲ ಕುಡಿಯುತ್ತದೆ. ನೀಲಗಿರಿಯ ಆಳವಾದ ಬೇರುಗಳು ಮಣ್ಣಿನ ತೇವವನ್ನು ಎಳೆದುಕೊಂಡರೆ, ಮುಂದಿನ ಮಳೆಯ ಬಹುಪಾಲು ಒಣ ಮಣ್ಣನ್ನು ನೆನೆಸುವುದರಲ್ಲೇ ಮುಗಿಯುತ್ತದೆ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಒಂದು ಅಂಶವನ್ನು ಮರೆಯಬಾರದು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದು 'ದತ್ತಾಂಶದ ಕೊರತೆಯಿರುವ ಪ್ರದೇಶ' ಎಂಬ ಮಾತಿದೆ. ಮಳೆಯನ್ನು ಅಳೆದಷ್ಟು ಶ್ರದ್ಧೆಯಿಂದ ಹಳ್ಳದ ಹರಿವನ್ನಾಗಲಿ ಬಾವಿಯ ನೀರಿನ ಮಟ್ಟವನ್ನಾಗಲಿ ಊರೂರಿನಲ್ಲಿ ಬರೆದಿಟ್ಟವರಿಲ್ಲ. ಬತ್ತಿಹೋದ ಬಾವಿಯ ಹಳೆಯ ಮಟ್ಟವನ್ನು ಈಗ ಅಳೆಯುವುದಾದರೂ ಹೇಗೆ?

ಈ ಕೆಲಸಕ್ಕೆ ವಿಜ್ಞಾನಿಗಳೇ ಬೇಕೆಂದಿಲ್ಲ. ಇಂಗ್ಲೆಂಡಿನ ಜಾರ್ಜ್ ಜೇಮ್ಸ್ ಸೈಮನ್ಸ್ 1860ರ ಮಳೆಯ ಪಟ್ಟಿ ತಯಾರಿಸಿದಾಗ ಅದರಲ್ಲಿದ್ದದ್ದು 168 ಕೇಂದ್ರಗಳು. 1900ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಅವು 3,000 ದಾಟಿದ್ದವು. ವೀಕ್ಷಕರಲ್ಲಿ ಹೆಚ್ಚಿನವರು ಸ್ವಂತ ಆಸಕ್ತಿಯಿಂದ ಅಳೆಯುತ್ತಿದ್ದ ಸಾಮಾನ್ಯ ಜನ.

ನಿಮ್ಮ ಶಾಲೆಯಲ್ಲೂ ಇದನ್ನು ಆರಂಭಿಸಬಹುದು. ಮರ, ಗೋಡೆಗಳಿಂದ ದೂರವಾದ ಬಯಲಿನಲ್ಲಿ ಪಾತ್ರೆಯೊಂದರ ಮೇಲೆ ಆಲಿಕೆ ಇಡಿ. ಆಲಿಕೆಯ ಬಾಯಿಯ ವ್ಯಾಸ 20 ಸೆಂ.ಮೀ. ಆದರೆ ವಿಸ್ತೀರ್ಣ 314 ಚದರ ಸೆಂ.ಮೀ. ಪಾತ್ರೆಯಲ್ಲಿ 314 ಮಿಲಿಲೀಟರ್ ನೀರು ಸಂಗ್ರಹವಾದರೆ 1 ಸೆಂ.ಮೀ., ಅಂದರೆ 10 ಮಿ.ಮೀ. ಮಳೆ. ಹವಾಮಾನ ಇಲಾಖೆಯಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಮಳೆ ಬಾರದ ದಿನ '0' ಎಂದು ಬರೆಯಿರಿ. ಅಳೆಯದ ದಿನ 'ಅಳೆದಿಲ್ಲ' ಎಂದು ಬರೆಯಿರಿ. ಇವೆರಡೂ ಒಂದೇ ಅಲ್ಲ!

ಇದರ ಜೊತೆಗೆ, ಊರಿನಲ್ಲಿ ತೆರೆದ ಬಾವಿ ಉಳಿದಿದ್ದರೆ ಶಿಕ್ಷಕರು ವಾರಕ್ಕೊಮ್ಮೆ ಭಾರ ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಬಾಯಿಯ ಅಂಚಿನಿಂದ ನೀರಿನ ಮಟ್ಟದವರೆಗೆ ಅಳೆಯಲಿ. ಸಮೀಪದ ಹಳ್ಳ ಯಾವ ದಿನ ಹರಿಯತೊಡಗಿತು, ಯಾವ ದಿನ ನಿಂತಿತು ಎಂಬುದನ್ನೂ ವಿದ್ಯಾರ್ಥಿಗಳು ಗುರುತು ಮಾಡಲಿ. ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. ನಿಮ್ಮ ಅಂಕಿಗಳನ್ನು ಅವುಗಳ ಅಂಕಿಗಳೊಂದಿಗೆ ಹೋಲಿಸಿ ನೋಡಿ. ಆದರೆ ನಿಮ್ಮೂರಿನ ಹಳ್ಳ ನಿಂತ ದಿನವನ್ನು ಆ ಯಂತ್ರಗಳು ಬರೆಯುವುದಿಲ್ಲ. ಅದನ್ನು ನೀವೇ ಬರೆಯಬೇಕು. ಆ ಪುಸ್ತಕವನ್ನು ವರ್ಷದ ಕೊನೆಗೆ ರದ್ದಿಗೆ ಹಾಕದೆ ಮುಂದಿನ ತರಗತಿಯವರಿಗೆ ಒಪ್ಪಿಸಿ.